ಹಿಮಾಲಯದ ಸುದ್ದಿ ತಂದ ನೀಲಿ ಬೆಳಕು

2020ರ ನವೆಂಬರ್. ಉಡುಪಿ, ಮಂಗಳೂರು, ಕಾರವಾರದ ಕಡಲತೀರಗಳಿಗೆ ರಾತ್ರಿ ಹೊತ್ತು ಜನ ಮುಗಿಬಿದ್ದರು. ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು! ಕಾಲಿಟ್ಟರೆ ಬೆಳಕು, ಕೈಯಾಡಿಸಿದರೆ ಬೆಳಕು! ಹೊತ್ತಿಸಿದ್ದು ಯಾರು? ನಾಕ್ಟಿಲೂಕಾ ಸಿಂಟಿಲಾನ್ಸ್. ಇಡೀ ಮೈಯೇ ಒಂದೇ ಒಂದು ಕೋಶ. ದೊಡ್ಡದೆಂದರೆ 2 ಮಿಲಿಮೀಟರ್!

ಅದರೊಳಗೆ ಇಣುಕಿದರೆ ಮತ್ತೂ ಬೆರಗು. ಅರಬ್ಬೀ ಸಮುದ್ರದ ಹಸಿರು ನಾಕ್ಟಿಲೂಕಾದ ಒಡಲಲ್ಲಿ ಸಾವಿರಾರು ಹಸಿರು ಪಾಚಿಜೀವಿಗಳು ವಾಸಿಸುತ್ತವೆ. ಬಿಸಿಲಿನಿಂದ ಆಹಾರ ತಯಾರಿಸಿ, ಇರಲು ಜಾಗ ಕೊಟ್ಟ ಕೋಶಕ್ಕೆ ಉಣಿಸುತ್ತವೆ. ಅಷ್ಟು ಸಾಲದೆ ನಾಕ್ಟಿಲೂಕಾ ತಾನೂ ಬೇಟೆಯಾಡುತ್ತದೆ, ಎದುರಾದ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳನ್ನೇ ನುಂಗುತ್ತದೆ!

ನಿಜವಾದ ವಿಸ್ಮಯ ಇನ್ನು ಮುಂದಿದೆ. ಹಿಂದೆ ಚಳಿಗಾಲದಲ್ಲಿ ಅರಬ್ಬೀ ಸಮುದ್ರವನ್ನು ಆಳುತ್ತಿದ್ದವು ಡಯಾಟಮ್‌ಗಳು. 2000ದ ಬಳಿಕ ಆ ಪಟ್ಟ ನಾಕ್ಟಿಲೂಕಾಕ್ಕೆ ದಕ್ಕಿತು. ಕಾರಣ ಹುಡುಕುತ್ತ ಹೋದ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಕಿಂ ಗೋಯಸ್, ಹೆಲ್ಗಾ ಗೋಮ್ಸ್ ಮತ್ತು ಸಂಗಡಿಗರು ತಲುಪಿದ್ದು ಎಲ್ಲಿಗೆ ಗೊತ್ತೇ? ಹಿಮಾಲಯಕ್ಕೆ!

2020ರಲ್ಲಿ ಪ್ರಕಟವಾದ ಅವರ ವಿವರಣೆ ಹೀಗಿದೆ: ಹಿಮಾಲಯ, ಟಿಬೆಟ್‌ಗಳ ಹಿಮ ಕರಗಿದಂತೆ ಅಲ್ಲಿಂದ ಬೀಸುವ ಚಳಿಗಾಲದ ಗಾಳಿಯ ತಂಪೂ ಶುಷ್ಕತೆಯೂ ಕುಗ್ಗುತ್ತವೆ. ಆಗ ಕಡಲಿನ ಮೇಲ್ನೀರು ಸಾಕಷ್ಟು ತಣಿಯುವುದಿಲ್ಲ, ಕೆಳಕ್ಕಿಳಿಯುವುದಿಲ್ಲ. ಆಳದ ಪೋಷಕಾಂಶ ಮೇಲೇರುವುದಿಲ್ಲ. ಡಯಾಟಮ್ ಸೊರಗುತ್ತದೆ. ಬೇಟೆಯಿಂದಲೂ ಬದುಕಬಲ್ಲ ನಾಕ್ಟಿಲೂಕಾ ಗೆಲ್ಲುತ್ತದೆ! ಆಮ್ಲಜನಕ ಕಡಿಮೆಯಾದ ನೀರೂ ಅದಕ್ಕೆ ಅನುಕೂಲವೆಂದು ಇದೇ ತಂಡ 2014ರಲ್ಲೇ ತೋರಿಸಿತ್ತು.

ಸಾವಿರಾರು ಕಿಲೋಮೀಟರ್ ದೂರದ ಹಿಮದ ಸುದ್ದಿ ಒಂದೇ ಕೋಶದ ಜೀವಿಯಲ್ಲಿ! ಸೂಕ್ಷ್ಮಜೀವಿಗಳ ಆಯುಸ್ಸು ಚಿಕ್ಕದು, ಸಂತಾನ ಬೇಗ. ನೀರು ಬದಲಾದರೆ ಮೊದಲು ಬದಲಾಗುವುದು ಅವೇ. ಮೀನಿನ ಬುಟ್ಟಿ ಖಾಲಿಯಾಗುವುದಕ್ಕೆ ಎಷ್ಟೋ ಮೊದಲೇ ಅವು ಎಚ್ಚರಿಸುತ್ತವೆ. ನಮ್ಮ ಬೂತಾಯಿ ಮೀನಿಗೆ ಡಯಾಟಮ್ ಮುಖ್ಯ ಆಹಾರ. ನಾಕ್ಟಿಲೂಕಾವನ್ನು ಹೆಚ್ಚಾಗಿ ತಿನ್ನುವುದು ಲೋಳೆಮೀನು ಮತ್ತು ಸಾಲ್ಪ್ ಎಂಬ ಪಾರದರ್ಶಕ ಕಡಲಜೀವಿಗಳು. ಅಂದರೆ ಈ ಎಚ್ಚರಿಕೆ ನಮ್ಮ ಊಟದ ತಟ್ಟೆಗೂ ಸೇರಿದ್ದು.

ದಡದಲ್ಲಿ ಕಂಡ ಪ್ರತಿ ಹೊಳಪಿಗೂ ಹಿಮಾಲಯವೇ ಕಾರಣವೆನ್ನಲಾಗದು. ಊರಿನ ಕೊಳಚೆ ನೀರೂ ಇಂಥ ಜೀವಿಗಳನ್ನು ಕೊಬ್ಬಿಸಬಲ್ಲದು. ಆದ್ದರಿಂದಲೇ ವರ್ಷವರ್ಷದ ದಾಖಲೆ ಬೇಕು. ಕಡಲು ಮತ್ತೆ ಬೆಳಗಿದಾಗ ಕಣ್ತುಂಬ ನೋಡಿ. ಜೊತೆಗೆ ದಿನಾಂಕ, ಸ್ಥಳ ಬರೆದಿಟ್ಟು, ಹತ್ತಿರದ ಮೀನುಗಾರಿಕಾ ಸಂಶೋಧಕರಿಗೆ ತಿಳಿಸಿ.