ಅಪ್ಪ ಅಥವಾ ಅಮ್ಮನಿಗೆ ಮಾನಸಿಕ ಕಾಯಿಲೆ: ಮಗುವಿಗೆ ಏನು ಹೇಳಬೇಕು?

ಮನೆಯಲ್ಲಿ ತಾಯಿಗೋ ತಂದೆಗೋ ತೀವ್ರ ಖಿನ್ನತೆ, ಬೈಪೋಲಾರ್ ಅಥವಾ ಸ್ಕಿಜೋಫ್ರೇನಿಯಾ ಇದ್ದಾಗ ಎಲ್ಲರ ಗಮನ ರೋಗಿಯ ಮೇಲಿರುತ್ತದೆ. ‘ಮಗು ಚಿಕ್ಕದು, ಅದಕ್ಕೇನು ಗೊತ್ತಾಗುತ್ತೆ’ ಎಂದು ಹಿರಿಯರು ಸುಮ್ಮನಾಗುತ್ತಾರೆ. ಆದರೆ ಅಮ್ಮ ದಿನವಿಡೀ ಮಲಗಿರುವುದು, ಅಪ್ಪ ಒಬ್ಬರೇ ಮಾತಾಡಿಕೊಳ್ಳುವುದು ಮಗುವಿಗೆ ಕಾಣುತ್ತದೆ. ಯಾರೂ ಕಾರಣ ಹೇಳದಿದ್ದರೆ ಅದು ತಾನೇ ಒಂದು ಕಾರಣ ಹುಡುಕಿಕೊಳ್ಳುತ್ತದೆ: ‘ನಾನು ಹಟ ಮಾಡಿದ್ದಕ್ಕೇ ಅಮ್ಮನಿಗೆ ಹೀಗಾಯಿತು.’ ಈ ತಪ್ಪಿತಸ್ಥ ಭಾವನೆ ವರ್ಷಗಟ್ಟಲೆ ಉಳಿಯಬಹುದು. ಹಾಗಾಗಿ ಮಗುವಿಗೆ ಮೊದಲು ಬೇಕಾದದ್ದು ನಿಜವಾದ ವಿವರಣೆ.

ಹೇಗೆ ಹೇಳುವುದು?

ಕಾಯಿಲೆ ಹತೋಟಿಯಲ್ಲಿರುವ ಸಮಯದಲ್ಲಿ, ಸಾಧ್ಯವಾದರೆ ಆ ತಾಯಿ ಅಥವಾ ತಂದೆಯೇ ಹೇಳುವುದು ಒಳ್ಳೆಯದು. ಚಿಕ್ಕ ಮಗುವಿಗೆ ಇಷ್ಟು ಸಾಕು: ‘ಅಮ್ಮನ ಮನಸ್ಸಿಗೆ ಹುಷಾರಿಲ್ಲ. ಅದಕ್ಕೇ ಅಳು, ಕೋಪ ಜಾಸ್ತಿ. ಇದು ನಿನ್ನಿಂದ ಆಗಿದ್ದಲ್ಲ. ಗುಣ ಮಾಡುವುದು ಡಾಕ್ಟರ ಕೆಲಸ. ನಿನ್ನನ್ನು ನೋಡಿಕೊಳ್ಳಲು ನಾವಿದ್ದೇವೆ.’

ದೊಡ್ಡ ಮಕ್ಕಳಿಗೆ ಕಾಯಿಲೆಯ ಹೆಸರನ್ನೂ ಹೇಳಿ. ‘ನನಗೂ ಬರುತ್ತಾ?’ ಎಂದು ಅವರು ಕೇಳಬಹುದು. ಇಂಥ ಮಕ್ಕಳಿಗೆ ಅಪಾಯ ಉಳಿದವರಿಗಿಂತ ಹೆಚ್ಚು ಎಂಬುದು ನಿಜ. ಆದರೂ ತಂದೆ ತಾಯಿಯರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ, 10 ಮಕ್ಕಳಲ್ಲಿ ಸುಮಾರು 9 ಮಂದಿಗೆ ಅದು ಬರುವುದಿಲ್ಲ.

ಏನನ್ನು ಗಮನಿಸಬೇಕು?

• ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗುವುದು
• ಪದೇ ಪದೇ ಹೊಟ್ಟೆನೋವು, ತಲೆನೋವು. ಶಾಲೆಗೆ ಹೋಗಲು ಒಲ್ಲೆ ಎನ್ನುವುದು
• ಗೆಳೆಯರನ್ನು ಮನೆಗೆ ಕರೆಯದೆ ಒಂಟಿಯಾಗುವುದು
• ಅಡುಗೆ, ತಮ್ಮ ತಂಗಿಯರ ಆರೈಕೆ, ಅಮ್ಮನ ಮಾತ್ರೆಯ ಲೆಕ್ಕ ಎಲ್ಲವನ್ನೂ ತಾನೇ ಹೊರುವುದು

ಕೊನೆಯದನ್ನು ‘ಎಷ್ಟು ಜಾಣ ಮಗು’ ಎಂದು ಹೊಗಳಿ ಬಿಟ್ಟುಬಿಡಬೇಡಿ. ಆ ಹೊರೆಯನ್ನು ದೊಡ್ಡವರು ಹಂಚಿಕೊಳ್ಳಿ. ಮುಂಬೈ, ಚೆನ್ನೈ, ದೆಹಲಿಯಂಥ ಊರುಗಳಲ್ಲಿ ಇನ್ನೊಂದು ತೊಂದರೆಯಿದೆ. ಅಮ್ಮನಿಗೆ ಕನ್ನಡ ಮಾತ್ರ ಬಂದರೆ ಆಸ್ಪತ್ರೆಯಲ್ಲಿ ಶಾಲೆಗೆ ಹೋಗುವ ಮಗುವೇ ದುಭಾಷಿಯಾಗುತ್ತದೆ. ‘ಸಾಯಬೇಕು ಅನಿಸುತ್ತೆ’ ಎಂಬ ತಾಯಿಯ ಮಾತನ್ನು ಮಗು ವೈದ್ಯರಿಗೆ ಅನುವಾದಿಸುವಂತೆ ಆಗಬಾರದು. ಭಾಷೆ ಬಲ್ಲ ನೆಂಟರನ್ನೋ ಅಕ್ಕಪಕ್ಕದವರನ್ನೋ ಜೊತೆಗೆ ಕರೆದೊಯ್ಯಿರಿ.

ನೆರವು ಎಲ್ಲಿ?

ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಮಗುವಿಗೆ ಮನೆಯಲ್ಲಿ ಸುರಕ್ಷತೆ ಇಲ್ಲವೆನಿಸಿದರೆ ಮಕ್ಕಳ ಸಹಾಯವಾಣಿ 1098. ತಕ್ಷಣದ ಅಪಾಯವಿದ್ದರೆ 112. ಈ ಸಂಖ್ಯೆಗಳನ್ನು ಮಗುವಿಗೂ ಕಲಿಸಿ.

ಹಾಲು ಕುಡಿಯುವ ಮಗುವಿದ್ದು ತಾಯಿ ಆಸ್ಪತ್ರೆಗೆ ದಾಖಲಾಗಬೇಕಾದರೆ ಇದು ನೆನಪಿರಲಿ: 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಂತೆ 3 ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ತಾಯಿಯಿಂದ ಬೇರ್ಪಡಿಸುವಂತಿಲ್ಲ. ತಾಯಿಯಿಂದ ಮಗುವಿಗೆ ಅಪಾಯವಿದೆ ಎಂದು ವೈದ್ಯರಿಗೆ ಅನಿಸಿದರೆ ತಾತ್ಕಾಲಿಕವಾಗಿ ದೂರ ಇಡಬಹುದು.

ಮುಂದಿನ ಬಾರಿ ಡಾಕ್ಟರ ಬಳಿ ಹೋದಾಗ ಮಾತ್ರೆಯ ಬಗ್ಗೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ‘ಮನೆಯಲ್ಲಿ ಮಗುವಿದೆ, ಅದಕ್ಕೆ ನಾವೇನು ಮಾಡಬೇಕು?’