ಹತ್ತು ಮಂದಿಯ ಪ್ರಾರ್ಥನೆ, ಒಂದೊಂದೇ ಮತ

ಸಿಟಿ ಮಾರುಕಟ್ಟೆಯಿಂದ ಕೆಂಗೇರಿ ಕಡೆಗೆ ಸಾಗುವ ಮೈಸೂರು ರಸ್ತೆಯಲ್ಲಿ ಯೆಹೂದಿಗಳ ಪುಟ್ಟ ಸ್ಮಶಾನವೊಂದಿದೆ. ಅದು 1904ರಷ್ಟು ಹಳೆಯದು. ದಿನವೂ ಬಸ್ಸಿನಲ್ಲಿ ಅದರ ಮುಂದೆಯೇ ಹಾದುಹೋಗುವ ಎಷ್ಟೋ ಮಂದಿ ಅದನ್ನು ಗಮನಿಸಿರಲಾರರು. ಇಲ್ಲಿನ ಮೊದಲ ಸಮಾಧಿಗಳಲ್ಲಿ ಸುಬೇದಾರ್ ಸ್ಯಾಮ್ಯುಯೆಲ್ ನಾಗಾವ್ಕರ್ ಅವರದೂ ಒಂದು. ಕಾರವಾರ, ಬೆಳಗಾವಿ ಕಡೆಯವರಿಗೆ ಇಂತಹ ಹೆಸರು ಹೊಸದಲ್ಲ. ಊರಿನ ಹೆಸರಿಗೆ ‘ಕರ್’ ಸೇರಿಸಿಕೊಳ್ಳುವ ಕೊಂಕಣ ಕರಾವಳಿಯ ರೂಢಿ ಅಲ್ಲಿನ ಯೆಹೂದಿಗಳಲ್ಲೂ ಇದೆ.

ಇವರನ್ನು ‘ಬೆನೆ ಇಸ್ರೇಲ್’ ಎನ್ನುತ್ತಾರೆ. ಮನೆಮಾತು ಮರಾಠಿ. ಕುಲಕಸುಬು ಎಣ್ಣೆಗಾಣ. ಧರ್ಮದ ಕಟ್ಟಳೆಯಂತೆ ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಇವರನ್ನು ‘ಶನಿವಾರ ತೇಲಿ’, ಅಂದರೆ ಶನಿವಾರದ ಗಾಣಿಗರು ಎಂದು ಕರೆದರು. ಬ್ರಿಟಿಷರ ಕಾಲದಲ್ಲಿ ಸೈನ್ಯ, ರೈಲ್ವೆ, ಆಸ್ಪತ್ರೆಗಳ ನೌಕರಿ ಹಿಡಿದು ಇವರು ದೇಶದ ನಾನಾ ಊರುಗಳಿಗೆ ಹಂಚಿಹೋದರು.

ಯೆಹೂದಿಗಳ ಸಾಂಪ್ರದಾಯಿಕ ಸಾಮೂಹಿಕ ಪ್ರಾರ್ಥನೆಗೆ ಹದಿಮೂರು ತುಂಬಿದ ಹತ್ತು ಗಂಡಸರಾದರೂ ಸೇರಬೇಕು. ಒಂಬತ್ತೇ ಮಂದಿ ಇದ್ದರೆ ಕೆಲವು ಮುಖ್ಯ ಪ್ರಾರ್ಥನೆಗಳನ್ನು ಹೇಳುವಂತಿಲ್ಲ. ಮೃತರಿಗಾಗಿ ಹೇಳುವ ‘ಕಡ್ಡಿಶ್’ ಕೂಡ ಅವುಗಳಲ್ಲೊಂದು. ಮುಂಬೈಯಂತಹ ಊರಿನಲ್ಲಿ ಇದು ಕಷ್ಟವಲ್ಲ. ಆದರೆ ಬೆಂಗಳೂರಿನ ಯೆಹೂದಿಗಳ ಸಂಖ್ಯೆ ಎಂದೂ ದೊಡ್ಡದಾಗಿರಲಿಲ್ಲ. ಮುಂಬೈ, ಕೊಚ್ಚಿಗಳಲ್ಲಿರುವಂತಹ ಹಳೆಯ ಸಿನಗಾಗ್ ಇಲ್ಲಿ ತಲೆಯೆತ್ತಲಿಲ್ಲ. ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಪಾದರಕ್ಷೆಯ ಅಂಗಡಿ ಇಟ್ಟಿದ್ದ ರೂಬಿನ್ ಮೋಸೆಸ್ ಅವರ ಮನೆಯೇ ಬಹುಕಾಲ ಪ್ರಾರ್ಥನೆಯ ಜಾಗವೂ ಆಗಿತ್ತು.

ಪ್ರಾರ್ಥನೆಗೆ ಹತ್ತು ಮಂದಿ ಸಾಕು, ಚುನಾವಣೆಗೆ ಸಾಲದು. ಎಣಿಕೆಗೇ ಸಿಗದಷ್ಟು ಸಣ್ಣ ಸಮುದಾಯ ಪ್ರಜಾಪ್ರಭುತ್ವದಲ್ಲಿ ತನ್ನ ದನಿಯನ್ನು ಕೇಳಿಸುವುದು ಹೇಗೆ ಎಂಬ ಪ್ರಶ್ನೆ ಭಾರತದ ಯೆಹೂದಿಗಳನ್ನು ಕಾಡಿದ್ದು 1917ರಲ್ಲಿ.

ಅಣ್ಣ, ತಂಗಿಯಲ್ಲ, ಅಕ್ಕ, ತಮ್ಮ

ಆ ವರ್ಷ ಬ್ರಿಟನ್ನಿನ ಭಾರತ ಸಚಿವ ಎಡ್ವಿನ್ ಮಾಂಟೆಗು ಆಡಳಿತ ಸುಧಾರಣೆಯ ಬಗ್ಗೆ ಅಭಿಪ್ರಾಯ ಕೇಳಲು ಭಾರತಕ್ಕೆ ಬಂದರು. ಅವರೂ ಯೆಹೂದಿ. ಮುಸ್ಲಿಮರಿಗೆ 1909ರಲ್ಲೇ ಪ್ರತ್ಯೇಕ ಮತಕ್ಷೇತ್ರ ದೊರಕಿತ್ತು. ಇತರ ಸಮುದಾಯಗಳೂ ತಮ್ಮ ತಮ್ಮ ಪಾಲು ಕೇಳತೊಡಗಿದ್ದವು. ಬೆನೆ ಇಸ್ರೇಲರೂ ಸಮ್ಮೇಳನ ಕರೆದರು. ಆದರೆ ಒಮ್ಮತ ಮೂಡಲಿಲ್ಲ. ‘ಬೆನೆ ಇಸ್ರೇಲ್ ಸಮ್ಮೇಳನ’ಕ್ಕೆ ಎದುರಾಗಿ ‘ಅಖಿಲ ಭಾರತ ಇಸ್ರೇಲೈಟ್ ಲೀಗ್’ ಹುಟ್ಟಿಕೊಂಡಿತು. ವಕೀಲ ಡೇವಿಡ್ ಎರುಲ್ಕರ್ ಲೀಗಿನ ಮುಂದಾಳುಗಳಲ್ಲೊಬ್ಬರು. 1916ರ ರಾಜದ್ರೋಹದ ಮೊಕದ್ದಮೆಯಲ್ಲಿ ಬಾಲಗಂಗಾಧರ ತಿಲಕರ ಪರ ಜಿನ್ನಾ ವಾದಿಸಿದಾಗ ನೆರವಾಗಿದ್ದವರು ಇವರೇ. ಬೇರೆ ಸ್ಥಾನ ಕೇಳಿದರೆ ದನಿ ಸಿಗುತ್ತದೆ, ಆದರೆ ನೆರೆಯವರಿಂದ ದೂರವಾಗಬೇಕಾಗುತ್ತದೆ. ಕೇಳದಿದ್ದರೆ ಎಲ್ಲರೊಡನೆ ಇರಬಹುದು, ಆದರೆ ಕಳೆದುಹೋಗುವ ಭಯ. ಈ ಇಕ್ಕಟ್ಟು ಅಂದಿನದು ಮಾತ್ರವಲ್ಲ.

ಪ್ರತ್ಯೇಕ ಸ್ಥಾನವಿಲ್ಲದೆಯೂ ದಾರಿ ಇತ್ತೆಂಬುದಕ್ಕೆ ಮುಂಬೈ ಉದಾಹರಣೆ. ಬೆನೆ ಇಸ್ರೇಲ್ ಸಮುದಾಯದ ವೈದ್ಯ ಡಾ. ಇ. ಮೋಸೆಸ್ 1937ರಲ್ಲಿ ಆ ನಗರದ ಮೇಯರ್ ಆದರು. ಅವರ ಹೆಸರಿನ ರಸ್ತೆ ಇಂದಿಗೂ ಅಲ್ಲಿದೆ.

ರಾಜಕೀಯದ ಚರ್ಚೆಗೆ ಎಡ್ವಿನ್ ಮಾಂಟೆಗು ನೆಪವಾದರೆ, ಧಾರ್ಮಿಕ ಬದಲಾವಣೆಗೆ ಪ್ರೇರಣೆಯಾದವರು ಅವರ ಅಕ್ಕ ಲಿಲಿ ಮಾಂಟೆಗು. ಲಂಡನ್ನಿನಲ್ಲಿ 1902ರಲ್ಲಿ ‘ಜ್ಯೂಯಿಷ್ ರಿಲಿಜಿಯಸ್ ಯೂನಿಯನ್’ ಸ್ಥಾಪಿಸಿದವರಲ್ಲಿ ಅವರು ಪ್ರಮುಖರು. ಹೀಬ್ರೂ ಜೊತೆಗೆ ಆಡುಭಾಷೆಯಲ್ಲಿ ಪ್ರಾರ್ಥನೆ, ಹೆಣ್ಣು ಗಂಡು ಜೊತೆಯಲ್ಲಿ ಕುಳಿತು ಪೂಜಿಸುವ ಅವಕಾಶ ಈ ಉದಾರವಾದಿಗಳ ದಾರಿ.

ಆ ವಿಚಾರವನ್ನು ಭಾರತಕ್ಕೆ ತಂದವರು ಕನ್ನಡ ನಾಡಿನಲ್ಲೇ ಹುಟ್ಟಿದ ಹೆಣ್ಣುಮಗಳು ಎಂಬುದು ಹೆಚ್ಚು ಜನರಿಗೆ ತಿಳಿಯದು. ಡಾ. ಜೆರೂಶಾ ಝಿರಾದ್ 1890ರಲ್ಲಿ ಶಿವಮೊಗ್ಗದಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯಕೀಯದ ಉನ್ನತ ವ್ಯಾಸಂಗ ಮುಗಿಸಿ ಬಂದು, 1920ರ ದಶಕದ ಆರಂಭದಲ್ಲಿ ಬೆಂಗಳೂರಿನ ಹೆರಿಗೆ ಆಸ್ಪತ್ರೆಯಲ್ಲೂ ಕೆಲಸ ಮಾಡಿದರು. 1925ರಲ್ಲಿ ಮುಂಬೈಯಲ್ಲಿ ‘ಜ್ಯೂಯಿಷ್ ರಿಲಿಜಿಯಸ್ ಯೂನಿಯನ್’ ಸ್ಥಾಪಿಸಿದರು. ಮುಂದೆ ಅಲ್ಲಿನ ಕಾಮಾ ಆಸ್ಪತ್ರೆಯ ಮುಖ್ಯಸ್ಥೆಯಾದರು. 1966ರಲ್ಲಿ ಪದ್ಮಶ್ರೀ ಸಂದಿತು. ಹತ್ತು ಗಂಡಸರ ಲೆಕ್ಕವನ್ನು ಸಾಂಪ್ರದಾಯಿಕರು ಇಂದಿಗೂ ಬಿಟ್ಟಿಲ್ಲ. ಜಗತ್ತಿನ ಸುಧಾರಣಾವಾದಿ ಸಿನಗಾಗ್‌ಗಳಲ್ಲಾದರೋ ಆ ಎಣಿಕೆಯೊಳಗೆ ಹೆಂಗಸರೂ ಬರುತ್ತಾರೆ.

ಮತ ಮತ್ತು ಧರ್ಮ ಎರಡೂ ಕಡೆ ಹೋರಾಡಿದ ಒಬ್ಬ ವ್ಯಕ್ತಿ ಕೊಚ್ಚಿಯಲ್ಲಿದ್ದರು. ಅವರೇ ವಕೀಲ ಎ. ಬಿ. ಸೇಲಂ. ದಾಸ್ಯದಿಂದ ಬಿಡುಗಡೆಯಾದವರ ಸಂತತಿ ಎಂಬ ಕಾರಣಕ್ಕೆ ಅವರ ಬಳಗಕ್ಕೆ ಮಟ್ಟಂಚೇರಿಯ ಪರದೇಸಿ ಸಿನಗಾಗ್‌ನಲ್ಲಿ ಸಮಾನ ಸ್ಥಾನವಿರಲಿಲ್ಲ. ಸೇಲಂ ಗಾಂಧೀಜಿಯ ಮಾರ್ಗದಲ್ಲಿ ಸಿನಗಾಗ್‌ನಲ್ಲೇ ಸತ್ಯಾಗ್ರಹ ಹೂಡಿ, ಕಾಲಕ್ರಮೇಣ ಆ ತಾರತಮ್ಯವನ್ನು ಸಡಿಲಿಸಿದರು. 1925ರಿಂದ 1931ರವರೆಗೆ, ಮತ್ತೆ 1939ರಿಂದ 1945ರವರೆಗೆ ಕೊಚ್ಚಿ ಶಾಸನಸಭೆಯ ಸದಸ್ಯರೂ ಆಗಿದ್ದರು. ಹೊರಗೆ ಹಕ್ಕು ಕೇಳುವವರು ಮನೆಯೊಳಗೂ ಅದನ್ನು ಕೊಡಬೇಕು ಎಂಬ ಪಾಠ ಅವರ ಬದುಕಿನಲ್ಲಿದೆ.

ಉಳಿದವರ ಲೆಕ್ಕ

ಸ್ವತಂತ್ರ ಭಾರತದ ಸಂವಿಧಾನ ಪ್ರತ್ಯೇಕ ಮತಕ್ಷೇತ್ರಗಳನ್ನು ಕೈಬಿಟ್ಟಿತು. 1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಮೇಲೆ ಯೆಹೂದಿಗಳ ವಲಸೆ ಹೆಚ್ಚಿತು. 1951ರ ಜನಗಣತಿಯಲ್ಲಿ ದೇಶದಲ್ಲಿ ಸುಮಾರು 26 ಸಾವಿರ ಇದ್ದ ಯೆಹೂದಿಗಳು 2011ರ ಹೊತ್ತಿಗೆ ಐದು ಸಾವಿರದ ಒಳಗೆ ಇಳಿದರು. ಬೆಂಗಳೂರು ಪಾಲಿಕೆಗೆ 2015ರಲ್ಲಿ ಚುನಾವಣೆ ನಡೆದಾಗ 198 ವಾರ್ಡುಗಳಿದ್ದವು. ಇಂತಹ ಸಮುದಾಯದ ಮತ ಯಾವ ವಾರ್ಡಿನ ಫಲಿತಾಂಶವನ್ನೂ ತಿರುಗಿಸಲಾರದು. ಹಾಗಾಗಿ ಇವರ ಬೇಡಿಕೆ ಸ್ಥಾನದ್ದಲ್ಲ, ಮಾನ್ಯತೆಯದು. ಕೇಂದ್ರದ ಅಲ್ಪಸಂಖ್ಯಾತರ ಪಟ್ಟಿಯಲ್ಲಿರುವ ಮುಸ್ಲಿಂ, ಕ್ರೈಸ್ತ, ಸಿಖ್, ಬೌದ್ಧ, ಪಾರ್ಸಿ, ಜೈನ ಹೆಸರುಗಳ ನಡುವೆ ಯೆಹೂದಿಗಳಿಲ್ಲ. ಮಹಾರಾಷ್ಟ್ರ 2016ರಲ್ಲಿ, ಗುಜರಾತ್ 2018ರಲ್ಲಿ ತಮ್ಮ ಮಟ್ಟದಲ್ಲಿ ಆ ಸ್ಥಾನ ನೀಡಿದವು.

ಸಿನಗಾಗ್ ಇಲ್ಲದ ಊರಿನಲ್ಲಿ ಧರ್ಮದ ಭಾರ ಬಹುಪಾಲು ಮನೆಯ ಮೇಲೆ ಬೀಳುತ್ತದೆ. ಬೆನೆ ಇಸ್ರೇಲರು ಪ್ರವಾದಿ ಎಲೀಯನ ಹೆಸರಿನಲ್ಲಿ ಮಾಡುವ ‘ಮಲಿದಾ’ ಅಂತಹ ಒಂದು ಆಚರಣೆ. ಸಿಹಿ ಅವಲಕ್ಕಿಗೆ ಕಾಯಿತುರಿ ಬೆರೆಸಿ ಹಣ್ಣಿನೊಡನೆ ಇಡುತ್ತಾರೆ. ಶುಕ್ರವಾರ ಸಂಜೆ ದ್ರಾಕ್ಷಾರಸ ಸಿಗದಿದ್ದರೆ ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತೇ ಸಾಕು. ಇದ್ದುದರಲ್ಲೇ ನಡೆಸಿಕೊಂಡು ಬಂದದ್ದರಿಂದಲೇ ಈ ಧರ್ಮ ಕೊಂಕಣದಲ್ಲಿ ಶತಮಾನಗಳ ಕಾಲ ಉಳಿಯಿತು. ಜನಸಂಖ್ಯೆಯ ಬಲದಿಂದಲೇ ಎಲ್ಲವನ್ನೂ ಅಳೆಯುವ ಚುನಾವಣೆಯ ಕಾಲದಲ್ಲಿ, ಮೈಸೂರು ರಸ್ತೆಯ ಆ ಗೋಡೆಯೊಳಗಿನ ಕಲ್ಲುಗಳು ನೆನಪಿಸುವುದಿಷ್ಟೇ: ಮತ ಎಣಿಸುವಾಗ ಲೆಕ್ಕಕ್ಕೆ ಬಾರದವರೂ ಈ ಊರಿನವರೇ.