ನೆರೆಯೂರಿನ ಅರಮನೆ: ಬೀದರ ಕೋಟೆಗೊಂದು ಸಕುಟುಂಬ ಪ್ರವಾಸ

ಇಟಲಿ, ಫ್ರಾನ್ಸ್ ದೇಶಗಳ ಪುನರುಜ್ಜೀವನ ಕಾಲದ ಅರಮನೆಗಳನ್ನು ನೋಡಿ ಬಂದವರು ಈಗ ನಮ್ಮ ಸಮಾಜದಲ್ಲೂ ಕಡಿಮೆಯಿಲ್ಲ. ಫ್ಲಾರೆನ್ಸ್ ನಗರದಲ್ಲಿ ಮೆಡಿಚಿ ಎಂಬ ವರ್ತಕ ಮನೆತನ 1444ರಲ್ಲಿ ಕಟ್ಟಿಸಲು ಆರಂಭಿಸಿದ ಅರಮನೆ, ಅಲ್ಲಿನ ಚಿತ್ರ-ಶಿಲ್ಪ, ತೋಟಗಳನ್ನು ಅವರು ವರ್ಣಿಸುವಾಗ ಕೇಳುವುದಕ್ಕೂ ಸೊಗಸು. ಆದರೆ ಅದೇ ಮೆಡಿಚಿಗಳ ಕಾಲದಲ್ಲಿ, ನಮ್ಮ ಜಹೀರಾಬಾದಿನಿಂದ ಸುಮಾರು 30 ಕಿಲೋಮೀಟರ್ ದೂರದಲ್ಲೇ, ಕೋಟೆ, ಕೆತ್ತನೆಯ ಮಹಲು, ಕಾರಂಜಿಯ ತೋಟ, ಪುಸ್ತಕ ಭಂಡಾರ ಎಲ್ಲವೂ ಇದ್ದವು. ಆ ಊರು ಬೀದರ. ಹತ್ತಿರವಿದ್ದದ್ದಕ್ಕೆ ಕಣ್ಣು ಕಡಿಮೆ ಎನ್ನುವಂತೆ, ನಮ್ಮಲ್ಲಿ ಎಷ್ಟು ಮನೆಯವರು ಅದನ್ನು ನೆಮ್ಮದಿಯಾಗಿ ನೋಡಿದ್ದಾರೆ?

ಚಾತುರ್ಮಾಸ ಕಳೆದ ಮೇಲೆ, ಚಳಿಗಾಲದ ಒಂದು ಭಾನುವಾರ, ಜಹೀರಾಬಾದ, ನಾರಾಯಣಖೇಡ ಮತ್ತು ತಾಂಡೂರಿನ ಕೆಲವು ಕುಟುಂಬಗಳು ಸೇರಿ ಹೊರಟೆವು. ತಾಂಡೂರಿನವರು ವಿಕಾರಾಬಾದಿನಲ್ಲಿ ರೈಲು ಬದಲಿಸಿ ಬಂದರು, ಉಳಿದವರು ಬಸ್ಸಿನಲ್ಲಿ. ಸೋಸಿದ ನೀರು, ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಬುತ್ತಿ ಜೊತೆಗಿತ್ತು. ಸೂರ್ಯಾಸ್ತದೊಳಗೆ ಊಟ ಮುಗಿಸುವ ನಿಯಮಕ್ಕೆ ಎಲ್ಲಿಯೂ ಅಡಚಣೆಯಾಗಲಿಲ್ಲ.

ಒಡೆದ ತಾಲೂಕುಗಳು

ನಮ್ಮ ಮಕ್ಕಳಿಗೆ ಒಂದು ವಿಷಯ ಹೊಸದಾಗಿತ್ತು. ಜಹೀರಾಬಾದ ಮತ್ತು ನಾರಾಯಣಖೇಡ ಒಂದು ಕಾಲಕ್ಕೆ ಬೀದರ ಜಿಲ್ಲೆಯ ತಾಲೂಕುಗಳೇ ಆಗಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಗುಲಬರ್ಗಾಗಳು ಮೈಸೂರು ರಾಜ್ಯಕ್ಕೆ ಹೋದವು, ನಾವು ಆಂಧ್ರಪ್ರದೇಶಕ್ಕೆ ಸೇರಿದೆವು. 2014ರಿಂದ ನಮ್ಮದು ತೆಲಂಗಾಣ. ಅಜ್ಜಂದಿರ ಕಾಲದ ಜಿಲ್ಲಾ ಕೇಂದ್ರ ಈಗ ಮೊಮ್ಮಕ್ಕಳಿಗೆ ಪರರಾಜ್ಯದ ಊರು. ಮನೆಯಲ್ಲಿ ಕನ್ನಡ ಮಾತಾಡುವ ನಮ್ಮ ಮಕ್ಕಳು ಕೋಟೆಯ ಬಾಗಿಲಿನ ಕನ್ನಡ ಫಲಕವನ್ನು ಬಿಟ್ಟು ಪಕ್ಕದ ಇಂಗ್ಲಿಷ್ ಫಲಕ ಓದಿದ್ದನ್ನು ಕಂಡು ಹಿರಿಯರು ಸುಮ್ಮನಾದರು. ಆ ಮೌನವೇ ಅಂದಿನ ಪ್ರವಾಸದ ಮೊದಲ ಪಾಠ.

ಏಳು ಬಾಗಿಲು, ಮೂರು ಕಂದಕ

ಬಹಮನಿ ಸುಲ್ತಾನ ಅಹ್ಮದ್ ಷಾ 15ನೇ ಶತಮಾನದ ಮೊದಲ ಭಾಗದಲ್ಲಿ ಗುಲಬರ್ಗಾದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಕೆಂಪು ಮುರಕಲ್ಲಿನ ಪ್ರಸ್ಥಭೂಮಿಯ ಅಂಚಿನಲ್ಲಿ, ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ ಈ ಕೋಟೆಯ ವೈಶಿಷ್ಟ್ಯ. 1503ರ ಶರ್ಜಾ ದರವಾಜೆಯ ಮೇಲೆ ಎರಡು ಹುಲಿಗಳ ಉಬ್ಬುಶಿಲ್ಪಗಳಿವೆ.

ಆ ಕಾಲದಲ್ಲಿ ಅಫನಾಸಿ ನಿಕಿತಿನ್ ಎಂಬ ರಷ್ಯದ ವ್ಯಾಪಾರಿ ಮಾರಾಟಕ್ಕೆಂದು ಒಂದು ಕುದುರೆಯನ್ನು ತಂದು ಬೀದರಕ್ಕೆ ಬಂದಿದ್ದ. ಅರಮನೆಗೆ ಏಳು ಬಾಗಿಲುಗಳೆಂದೂ, ಬಾಗಿಲು ಬಾಗಿಲಿಗೂ ಗುಮಾಸ್ತರು ಕುಳಿತು ಒಳ ಹೋದವರನ್ನೂ ಹೊರ ಬಂದವರನ್ನೂ ಬರೆದುಕೊಳ್ಳುತ್ತಿದ್ದರೆಂದೂ ಅವನು ಬರೆದಿಟ್ಟಿದ್ದಾನೆ. ಜಮಾ-ಖರ್ಚು ಬರೆಯುವ ನಮಗೆ ಈ ಮಾತು ಬಹಳ ಹಿಡಿಸಿತು.

ರಂಗೀನ್ ಮಹಲ್ ಮತ್ತು ಲಾಲ್ ಬಾಗ್

ಗುಂಬದ್ ದರವಾಜೆ ದಾಟಿದರೆ ರಂಗೀನ್ ಮಹಲ್. ಈಗ ಕಾಣುವ ರೂಪ ಅಲಿ ಬರೀದನ (1542-1580) ಕಾಲದ್ದು. ಎಂದರೆ ಯುರೋಪಿನಲ್ಲಿ ಹೊಸ ಅರಮನೆಗಳು ಏಳುತ್ತಿದ್ದ ಕಾಲವೇ. ಕೆತ್ತನೆಯ ಮರದ ಕಂಬಗಳು, ಬಣ್ಣದ ಹೆಂಚಿನ ಚಿತ್ತಾರ, ಕಪ್ಪು ಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು. ಬೆಳಕು ಬಿದ್ದರೆ ಚಿಪ್ಪು ಈಗಲೂ ಮಿನುಗುತ್ತದೆ. ಈ ಮಹಲಿಗೆ ಬೀಗ ಹಾಕಿರುವುದುಂಟು. ಪುರಾತತ್ವ ಇಲಾಖೆಯ ಸಿಬ್ಬಂದಿಯನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಮುಂದೆ ಸೋಲಹ ಖಂಬ ಮಸೀದಿ, ಅದರೆದುರಿಗೆ ಲಾಲ್ ಬಾಗ್. ನೀರಿನ ಕಾಲುವೆ, ಕಾರಂಜಿಯ ತೊಟ್ಟಿಗಳ ಅಚ್ಚುಕಟ್ಟು ನೋಡಿದರೆ ನೀರಿಲ್ಲದ ನಾಡಿನಲ್ಲಿ ನೀರಿಗೆ ಎಷ್ಟು ಬೆಲೆ ಕೊಟ್ಟಿದ್ದರೆಂದು ತಿಳಿಯುತ್ತದೆ. ಊರಿನಲ್ಲಿ ನೆಲದೊಳಗಿನಿಂದ ನೀರು ಹರಿಸುವ ಕರೇಜ್ ಸುರಂಗಗಳೂ ಇವೆ. ಹನಿ ನೀರನ್ನೂ ಸೋಸಿ ಬಳಸುವ ನಮ್ಮ ತಾಯಂದಿರು ಇಲ್ಲಿ ಹೆಚ್ಚು ಹೊತ್ತು ನಿಂತರು. ಹಳೆಯ ಶಾಹಿ ಹಮಾಮಿನಲ್ಲಿ ಶಿಲ್ಪ, ಆಯುಧಗಳ ಚಿಕ್ಕ ಸಂಗ್ರಹಾಲಯವಿದೆ.

ವರ್ತಕನೊಬ್ಬನ ಮುದ್ರೆ

ಕೋಟೆಯ ಹೊರಗೆ, ಊರ ನಡುವೆ, ಮಹಮೂದ್ ಗವಾನನ ಮದರಸಾ ನಿಂತಿದೆ. ನಮ್ಮ ವಾಚಕರು ಇವನ ಕಥೆಯನ್ನು ಅವಶ್ಯ ತಿಳಿಯಬೇಕು. ಇರಾನಿನ ಗೀಲಾನ್ ಪ್ರಾಂತದಿಂದ 1453ರ ಸುಮಾರಿಗೆ ಬಂದ ಈತ ಮೂಲತಃ ವ್ಯಾಪಾರಿ. ಮುಂದೆ ಪ್ರಧಾನಿಯಾದ, ವರ್ತಕರ ಒಡೆಯ ಎಂಬರ್ಥದ 'ಮಲಿಕ್-ಉತ್-ತುಜ್ಜಾರ್' ಬಿರುದು ಪಡೆದ. ಅಧಿಕಾರ ಬಂದ ಮೇಲೂ ತನ್ನ ಸ್ವಂತ ಬಂಡವಾಳದ ಲಾಭದಲ್ಲೇ ಸರಳವಾಗಿ ಬದುಕಿ, ಮಿಕ್ಕದ್ದನ್ನು ದಾನ ಮಾಡುತ್ತಿದ್ದನೆಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. 1472ರಲ್ಲಿ ಮೂರಂತಸ್ತಿನ ವಿದ್ಯಾಲಯ ಕಟ್ಟಿಸಿದ. ಸುಮಾರು 3,000 ಗ್ರಂಥಗಳು ಅಲ್ಲಿದ್ದವಂತೆ.

ಇಂಥವನ ಅಂತ್ಯ ದಾರುಣ. ವೈರಿಗಳು ಅವನ ಮುದ್ರೆ ಕಾಯುತ್ತಿದ್ದವನಿಗೆ ಮದ್ಯ ಕುಡಿಸಿ, ಬರಿಯ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಅದರಲ್ಲಿ ಒರಿಸ್ಸಾದ ರಾಜನಿಗೆ ದ್ರೋಹದ ಪತ್ರ ಬರೆದರು. ಮುದ್ರೆ ತನ್ನದಾದರೂ ಬರಹ ತನ್ನದಲ್ಲವೆಂದು ಗವಾನ್ ಹೇಳಿದ್ದು ವ್ಯರ್ಥವಾಯಿತು. 1481ರಲ್ಲಿ, ಎಪ್ಪತ್ತು ದಾಟಿದ ಮುದುಕನ ತಲೆ ಕಡಿಸಲಾಯಿತು. ಮರುವರ್ಷವೇ ಸುಲ್ತಾನನೂ ತೀರಿಕೊಂಡ. ರಾಜ್ಯ ಮತ್ತೆ ಚೇತರಿಸಲಿಲ್ಲ. ಮದ್ಯ ಮತ್ತು ಸುಳ್ಳು, ಇವೆರಡನ್ನೂ ನಮ್ಮ ಅಣುವ್ರತಗಳು ಏಕೆ ದೂರವಿಟ್ಟಿವೆ ಎಂಬುದಕ್ಕೆ ಬೇರೆ ನಿದರ್ಶನ ಬೇಕೆ? ಸಹಿ ಹಾಕಿದ ಖಾಲಿ ಚೆಕ್ಕನ್ನು ಗಲ್ಲೆಯಲ್ಲಿಟ್ಟು ಹೋಗುವ ಅಭ್ಯಾಸವುಳ್ಳವರು ಈ ಕಟ್ಟಡದ ಮುಂದೆ ಐದು ನಿಮಿಷ ನಿಲ್ಲುವುದು ಒಳ್ಳೆಯದು.

ಕೋಟೆಯ ಮಣ್ಣಿನ ಕಲೆ

ಯುರೋಪಿನ ಅರಮನೆಗಳಲ್ಲಿ ಕಲಾವಸ್ತುಗಳು ಗಾಜಿನೊಳಗಿವೆ. ಬೀದರದಲ್ಲಿ ಕಲೆ ಇನ್ನೂ ಓಣಿಯಲ್ಲೇ ಹುಟ್ಟುತ್ತಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರಿನಿಂದ ಕಪ್ಪಾಗಿಸಿ, ಚಾಣದಿಂದ ಬಳ್ಳಿ ಕೊರೆದು, ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿ ಬಿಸಿಯಾಗಿ ಸವರಿದರೆ ಸತು ಕಾಡಿಗೆಯಂತೆ ಕಪ್ಪಾಗುತ್ತದೆ; ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಮಳೆ-ಬಿಸಿಲು ತಾಗದ ಮಣ್ಣೇ ಬೇಕೆಂಬುದು ಕುಶಲಕರ್ಮಿಗಳ ನಂಬಿಕೆ. ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಬೀದರದ ಕುಶಲಕರ್ಮಿ ಷಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯದಲ್ಲೂ ಲಂಡನ್ನಿನಲ್ಲೂ ಹಳೆಯ ಬಿದ್ರಿ ಪಾತ್ರೆಗಳನ್ನು ಕಾಪಾಡಿದ್ದಾರೆ.

ಒಂದು ಅಂಗಡಿಯಲ್ಲಿ ನಮ್ಮವರೊಬ್ಬರು ವಾಡಿಕೆಯಂತೆ ಚೌಕಾಸಿಗಿಳಿದು, ಬೆಳ್ಳಿ ಇಷ್ಟೇ ಗ್ರಾಂ, ಬೆಲೆ ಇಷ್ಟೇಕೆಂದು ಲೆಕ್ಕ ಹಾಕಿದರು. ಕೆಲಸಗಾರ ಕೋಪಿಸಿಕೊಳ್ಳಲಿಲ್ಲ. "ಬೆಳ್ಳಿ ನೀವು ತೂಗ್ರಿ ಸಾವಕಾರ್ರೆ, ನನ್ನ ಕಣ್ಣು ಯಾವ ತಕ್ಕಡ್ಯಾಗ ತೂಗ್ತೀರಿ?" ಎಂದಷ್ಟೇ ಕೇಳಿದ. ನಮ್ಮೊಡನಿದ್ದ ಹಿರಿಯರೊಬ್ಬರು ಹೇಳಿದ ಬೆಲೆ ಕೊಟ್ಟು, ಮೊಮ್ಮಗಳ ಮದುವೆಗೆ ಹನ್ನೆರಡು ಕುಂಕುಮದ ಡಬ್ಬಿಗಳಿಗೆ ಮುಂಗಡವನ್ನೂ ಕೊಟ್ಟರು. ಆ ಹೊತ್ತಿಗೆ ಎಲ್ಲರ ತಕ್ಕಡಿಯೂ ಸರಿಯಾಯಿತು.

ಹೋಗುವವರಿಗೆ

ಬೆಳಿಗ್ಗೆ ಬೇಗ ಹೊರಟರೆ ಕೋಟೆ, ಮದರಸಾ, ಅಷ್ಟೂರಿನ ಗುಮ್ಮಟಗಳು ಒಂದೇ ದಿನಕ್ಕೆ ಆಗುತ್ತವೆ. ಅಷ್ಟೂರಿನಲ್ಲಿ ಅಹ್ಮದ್ ಷಾನ ಗೋರಿಯ ಜಾತ್ರೆಗೆ ಹಿಂದೂ-ಮುಸಲ್ಮಾನರಿಬ್ಬರೂ ಬರುತ್ತಾರೆ. ಅನೇಕಾಂತವನ್ನು ಓದಿದವರಿಗೆ ಇದು ಸಹಜವೆನಿಸೀತು. ಸಮೀಪದ ಕಮಠಾಣದ ಪಾರ್ಶ್ವನಾಥ ಬಸದಿಯ ದರ್ಶನವನ್ನು ಬಿಡಬೇಡಿ. ಮಕ್ಕಳನ್ನು ಕರೆದೊಯ್ಯಿರಿ, ಹೊರಡುವ ಮುನ್ನ ಅವರಿಗೆ ಕನ್ನಡ ಅಕ್ಷರಗಳನ್ನು ಕಲಿಸಿರಿ. ಗಡಿರೇಖೆಯನ್ನು ಎಳೆದವರು ಸರ್ಕಾರದವರು. ಓದು ಬರಹ ಬಿಡಿ ಎಂದು ನಮಗೆ ಯಾರೂ ಹೇಳಿಲ್ಲ.